ಮರಳಿ ಬಂದ ಕೆಂಪು ಕಲ್ಲು

ದೆವ್ವ, ಭೂತ, ಶಕುನ ಎಂಬುವುಗಳನ್ನು ನಾನು ಯಾವ ಕಾಲಕ್ಕೂ ನಂಬಿದವನಲ್ಲ. ಹುಡುಗನಾಗಿದ್ದಾಗ ಗೆಳೆಯರು ಪಂಥ ಕಟ್ಟಿ ನಮ್ಮೂರ ಸುಡುಗಾಡಿನ ಹುಣಸೆಮರದ ಕೆಳಗೆ ನನ್ನನ್ನು ಮಲಗಿಸಿದ್ದರು. ಸೊಳ್ಳೆ ಕಡಿದವು, ಬೇರೇನೂ ಆಗಲಿಲ್ಲ. ಮುಂದೆ ಪತ್ರಿಕೆಗಳಲ್ಲಿ ಜನ ತಮ್ಮ ವಿಚಿತ್ರ ಅನುಭವಗಳನ್ನು ಬರೆದಾಗ ಓದಿ ನಕ್ಕಿದ್ದೇನೆ. ಹೆಚ್ಚಿನವು ಅಮಾವಾಸ್ಯೆಯ ಕತ್ತಲಲ್ಲಿ ಆದವು. ಕತ್ತಲಲ್ಲಿ ಹಗ್ಗವೂ ಹಾವಾಗುತ್ತದೆ, ಅದರಲ್ಲೇನು ವಿಶೇಷ ಎನ್ನುತ್ತಿದ್ದೆ.

ನನಗೆ ಆದದ್ದು ಹಾಡಹಗಲಿನಲ್ಲಿ. ಬೀಗ ಹಾಕಿದ ಕೋಣೆಯಲ್ಲಿ, ಬೀಗದ ಕೈ ನನ್ನ ಉಡದಾರಕ್ಕೇ ಕಟ್ಟಿದ್ದಾಗ. ಅದನ್ನು ಈವರೆಗೆ ಯಾರ ಮುಂದೂ ಹೇಳಿಲ್ಲ. ಹೆಂಡತಿಗೂ ಹೇಳಿರಲಿಲ್ಲ. ಹೇಳಲು ಹೋದರೆ ನಾನು ಮಾಡಿದ ಒಂದು ಕೆಲಸವನ್ನೂ ಹೇಳಬೇಕಾಗುತ್ತಿತ್ತು. ಈಗ ಎಂಬತ್ತು ದಾಟಿದ್ದೇನೆ. ಯಾರ ಎದುರು ನಾಚಿಕೆಪಡಬೇಕಿತ್ತೋ ಅವರೆಲ್ಲ ತೀರಿಹೋಗಿದ್ದಾರೆ. ಆದ್ದರಿಂದ ಇದು ಧೈರ್ಯದ ಮಾತಲ್ಲ, ಓದುಗರು ಹಾಗೆ ತಿಳಿಯಬಾರದು.

ನಾನು ಇಂಡಿ ತಾಲೂಕಿನ, ಹಲಸಂಗಿ ಕಡೆಯವನು. ಮ್ಯಾಟ್ರಿಕ್ ಪಾಸಾಗಿ ಮನೆಯಲ್ಲಿ ಕೂತಿದ್ದೆ. ಅರವತ್ತರ ದಶಕ ಇನ್ನೂ ಹೊಸತು. ಆಗ ನಮ್ಮ ಜಿಲ್ಲೆಯಲ್ಲಿ ಕುಡಿಯುವ ನೀರಿಗಾಗಿ ನೆಲ ಕೊರೆದು ನೋಡುವ ಒಂದು ಸರಕಾರಿ ತಂಡ ಊರೂರು ತಿರುಗುತ್ತಿತ್ತು. ಅದರಲ್ಲಿ ನನಗೆ ತಾತ್ಕಾಲಿಕ ಕೆಲಸ ಸಿಕ್ಕಿತು. ಕೊರೆಯುವ ಯಂತ್ರದ ಕೊಳವೆಯೊಳಗೆ ಕಲ್ಲು ಮುಂಗೈ ಗಾತ್ರದ ದುಂಡನೆ ಕೋಲಾಗಿ, ತುಂಡು ತುಂಡಾಗಿ ಮೇಲೆ ಬರುತ್ತಿತ್ತು. ಆ ತುಂಡುಗಳನ್ನು ಬಂದ ಸರತಿಯಲ್ಲೇ ಉದ್ದನೆಯ ಕಟ್ಟಿಗೆ ಪೆಟ್ಟಿಗೆಗಳಲ್ಲಿ ಜೋಡಿಸಿ ಕಾಯುವುದು ನನ್ನ ಕೆಲಸ. ಮೇಲಿನ ಕಲ್ಲು ಮೊದಲು, ಕೆಳಗಿನದು ಆಮೇಲೆ. ಪೆಟ್ಟಿಗೆ ನೋಡಿದರೆ ನೆಲವನ್ನು ಸೀಳಿ ನೋಡಿದಂತೆ. ಇಷ್ಟು ಸುಲಭದ ಕೆಲಸ ಅದು.

ಆ ಬೇಸಿಗೆಯಲ್ಲಿ ಯಂತ್ರ ಬಂದು ನಿಂತದ್ದು ಹೂವಿನ ಹಿಪ್ಪರಗಿಯಿಂದ ಡೋಣಿ ಹೊಳೆಯ ಕಡೆಗೆ ಇಳಿದರೆ ಸಿಗುವ ಒಂದು ಸಣ್ಣ ಹಳ್ಳಿಯಲ್ಲಿ. ಅದರ ಹೆಸರು ಬೇಡ. ಡೋಣಿ ಸೀಮೆಯ ಕರಿಮಣ್ಣಿನ ಎರೆಭೂಮಿಯಲ್ಲಿ ಜೋಳ ಆಳೆತ್ತರ ಬೆಳೆಯುತ್ತದೆ, ಆದರೆ ನೀರು ಉಪ್ಪು. ಊರ ಹೆಂಗಸರು ಸಿಹಿನೀರಿಗೆ ಮೈಲಿಗಟ್ಟಲೆ ಹೋಗಬೇಕಿತ್ತು. ಕರಿಕಲ್ಲಿನ ಕೆಳಗೆ ಸಿಹಿನೀರಿನ ಸೆಲೆ ಇದ್ದರೆ ಅಲ್ಲಿಗೆ ಮುಟ್ಟುವ ದೊಡ್ಡ ಬಾವಿ ತೋಡಿಸಿಕೊಡುವುದು ಸರಕಾರದ ಯೋಜನೆ.

ನನ್ನ ಊಟದ ವ್ಯವಸ್ಥೆ ಹುಸೇನಸಾಬ ಕಾಕಾನ ಮನೆಯಲ್ಲಿ. ನಾಲ್ಕೆಕರೆ ಹೊಲ, ಒಂದು ಜೊತೆ ಎತ್ತು. ಬೇಸಿಗೆಯಲ್ಲಿ ಬಾವಿ ತೋಡುವವರ ಗುಂಪಿಗೆ ಅವನೇ ಹಿರಿಯ. ಐವತ್ತು ದಾಟಿದ ಆಳು. ಅವನ ಹೆಂಡತಿ ಖಾಸಿಂಬಿ ನನಗೆ ಕಾಕಿ. ಮಕ್ಕಳಿಲ್ಲದ ಮನೆ. ಹೊತ್ತಿಗೆ ಸರಿಯಾಗಿ ಬಿಸಿರೊಟ್ಟಿ, ಪುಂಡಿಪಲ್ಯ ಹಾಕುತ್ತಿದ್ದಳು. ನಾನು ಬೇಡವೆಂದರೆ ಕಾಕಾ ಹೇಳುತ್ತಿದ್ದ, “ಹಾಕ, ಇನ್ನೊಂದ್ ಹಾಕ. ಸಾಲಿ ಕಲತಾವ್ರ ಹೊಟ್ಟಿ ಸಣ್ಣದು ಇರತೈತಿ, ಬಾಯಿ ದೊಡ್ಡದು.”

ತಂಡದ ಮುಖ್ಯಸ್ಥರನ್ನು ನಾವು ಸಾಹೇಬರೆಂದೇ ಕರೆಯುತ್ತಿದ್ದೆವು. ಭೂಗರ್ಭದ ವಿದ್ಯೆ ಕಲಿತವರು, ಕುಮಟಾ ಕಡೆಯವರು, ಸಮುದ್ರದ ದಂಡೆಯಲ್ಲಿ ಹುಟ್ಟಿದವರು. ಬಾವಿ ಅವರ ನೌಕರಿ, ಆದರೆ ಅವರ ತಲೆಯಲ್ಲಿ ಯಾವಾಗಲೂ ಸಮುದ್ರವೇ. ಒಂದು ಮಧ್ಯಾಹ್ನ ಯಂತ್ರ ಹೂಡುವ ಜಾಗದ ಹತ್ತಿರ ನಿಂತು ಅವರು ನಮಗೆ ಹೇಳಿದ್ದನ್ನು ನಾನು ಮರೆತಿಲ್ಲ. ಆ ದಿನ ಅವರ ಕೈಯಲ್ಲಿ ಇಂಡಿ ಕಡೆ ಕೊರೆದಾಗ ಸಿಕ್ಕ ಒಂದು ಕೆಂಪು ತುಂಡಿತ್ತು.

ಮನುಷ್ಯರು ಹುಟ್ಟುವುದಕ್ಕೆ ಎಷ್ಟೋ ಮೊದಲು ಈ ಸೀಮೆಯ ನೆಲ ಬಿರಿದು, ಕರಗಿದ ಕಲ್ಲು ಮಹಾಪೂರದ ಹಾಗೆ ಹರಿದು ಹೆಪ್ಪುಗಟ್ಟಿತಂತೆ. ಬಹಳ ಕಾಲದ ಮೇಲೆ ಮತ್ತೊಂದು ಪೂರ. ಹೀಗೆ ಪದರದ ಮೇಲೆ ಪದರ. ಎರಡು ಪೂರಗಳ ನಡುವೆ ಸಾವಿರಾರು ವರ್ಷ ಬಿಡುವು ಸಿಕ್ಕಾಗ ಬಿಸಿಲಿಗೆ, ಮಳೆಗೆ ಮೇಲಿನ ಕಲ್ಲು ಪುಡಿಯಾಗಿ ಮಣ್ಣಾಗಿದೆ. ಮುಂದಿನ ಪೂರ ಅದರ ಮೇಲೆ ಹರಿದು, ಅದನ್ನು ಇಟ್ಟಿಗೆಯಂತೆ ಸುಟ್ಟು ಕೆಂಪಾಗಿಸಿದೆ. “ರೊಟ್ಟಿಯ ನಡುವೆ ಕೆಂಪು ಖಾರದ ಹಿಂಡಿ ಹಾಕಿದ ಹಾಗೆ” ಎಂದರು. ಕರಿಕಲ್ಲು ರೊಟ್ಟಿ, ಕೆಂಪು ಪದರ ಹಿಂಡಿ.

“ಅಲ್ರೀ ಸಾಹೇಬ್ರ, ನೀರು ನೋಡಾಕ ಬಂದು ನಮಗ ಹಸಿವಿ ಮಾಡಿಸಾಕತ್ತೀರಲ್ಲ” ಎಂದ ಕಾಕಾ.

ಸಾಹೇಬರು ನಕ್ಕು, ಹೊಲದಲ್ಲಿ ಬಿಟ್ಟಿದ್ದ ಒಂದು ಬಿರುಕಿನ ಹತ್ತಿರ ನಮ್ಮನ್ನು ಕರೆದರು. ಬೇಸಿಗೆಯಲ್ಲಿ ಎರೆ ಹೇಗೆ ಬಿರುಕು ಬಿಡುತ್ತದೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ, ಕಾಲೇ ಇಳಿದುಹೋಗುತ್ತದೆ. ಆ ಬಿರುಕಿನ ಅಂಚಿನಿಂದ ಒಂದು ದೊಡ್ಡ ಹೆಂಟೆ ಸೀಳಿಕೊಂಡು ಅರ್ಧಕ್ಕೆ ಕುಸಿದು ನಿಂತಿತ್ತು. ಸಾಹೇಬರು ಪಕ್ಕದಲ್ಲಿದ್ದ ಕೊಡಗಳನ್ನು ಒಂದಾದ ಮೇಲೆ ಒಂದು ಎತ್ತಿ ಬಿರುಕಿಗೆ ಸುರಿಯತೊಡಗಿದರು.

“ಅಯ್ಯ, ಅಯ್ಯ! ಸಿಹಿನೀರ್ರಿ ಅದು! ಖಾಸಿಂಬಿ ಕಂಡ್ರ ನಿಮ್ಮನ್ನೂ ನನ್ನನ್ನೂ ಕೂಡೇ ಈ ಬಿರುಕಿನ್ಯಾಗ ಹೂಳತಾಳ!” ಎಂದು ಕಾಕಾ ಕೂಗಿದ.

ಸಾಹೇಬರು ನಿಲ್ಲಿಸಲಿಲ್ಲ. ಬಿರುಕು ತುಂಬುತ್ತ ಬಂದು, ಕುಸಿದ ಹೆಂಟೆಯ ತಲೆಯ ಮೇಲೆ ಬೆರಳುದ್ದ ನೀರು ನಿಂತಿತು. “ನೋಡಿ ಮಾರಾಯ್ರೇ. ಇದು ನಮ್ಮ ದೇಶ. ಇದು ಸಮುದ್ರ. ನಡುವೆ ನೀರಿನೊಳಗೆ ಕೂತಿದೆಯಲ್ಲ ಈ ಹೆಂಟೆ, ಇದು ನೆಲವೋ, ಸಮುದ್ರವೋ?” ಎಂದರು.

ನಮ್ಮ ಪಡುವಣ ದಂಡೆಯಾಚೆ ಸಮುದ್ರದ ತಳ ಒಮ್ಮೆಲೇ ಆಳಕ್ಕೆ ಇಳಿಯುವುದಿಲ್ಲವಂತೆ. ದಂಡೆ ದಾಟಿ ದೂರದಲ್ಲಿ ನೀರಿನೊಳಗೆ ಕಟ್ಟೆಯಂಥ, ಮೇಲೆ ಮಟ್ಟಸವಾದ ದಿನ್ನೆಗಳಿವೆ. ಹಡಗಿನವರು ನೀರೊಳಗೆ ಸದ್ದು ಬಿಟ್ಟು, ಅದು ತಳಕ್ಕೆ ತಾಗಿ ಮರಳುವ ಹೊತ್ತು ನೋಡಿ ಆಳ ತಿಳಿಯುತ್ತಾರೆ. ಅವು ಹೇಗೆ ಆದವು ಎಂಬುದಕ್ಕೆ ಪಂಡಿತರಲ್ಲಿ ಒಮ್ಮತವಿಲ್ಲ. ಸಮುದ್ರದ ತಳದಲ್ಲೇ ಕಲ್ಲಿನ ರಸ ಉಕ್ಕಿ ಪೇರಿ ಕೂತದ್ದು ಎನ್ನುವವರು ಕೆಲವರು. ಅಲ್ಲ, ದೇಶದ ಅಂಚೇ ಜಗ್ಗಿ, ತೆಳುವಾಗಿ, ಹರಿದು, ತುಂಡೊಂದು ಈ ಹೆಂಟೆಯ ಹಾಗೆ ಅರ್ಧಕ್ಕೆ ಕುಸಿದದ್ದು, ಅದರ ಮೇಲೆ ನೀರು ಬಂತು, ಹೊಳೆಗಳು ಒಯ್ದ ಮಣ್ಣು ಕೂತು ಕೂತು ತಲೆ ಮಟ್ಟಸವಾಯಿತು ಎನ್ನುವವರು ಇನ್ನು ಕೆಲವರು. ಸಾಹೇಬರು ಎರಡನೆಯ ಪಕ್ಷ. ಕೆಂಪು ತುಂಡನ್ನು ಎತ್ತಿ ತೋರಿಸಿ ಹೇಳಿದರು, “ನೀರೊಳಗೇ ಹುಟ್ಟಿದ ಕಲ್ಲಾದರೆ ನಡುವೆ ಈ ಕೆಂಪು ಇರಲಾರದು. ಕೆಂಪು ಇದ್ದರೆ ಅದು ಬಿಸಿಲು ಕಂಡ ನೆಲ. ಒಂದು ದಿನ ಯಾರಾದರೂ ಆ ದಿನ್ನೆಗಳನ್ನು ಕೊರೆದೇ ಕೊರೆಯುತ್ತಾರೆ. ಅವತ್ತು ಹೋಲಿಸಿ ನೋಡಲು ನಮ್ಮ ಕಡೆಯ ಪದರಗಳ ಸರತಿ ನಮಗೆ ಗೊತ್ತಿರಬೇಕು.” ಆಮೇಲೆ ನನ್ನ ಕಡೆ ತಿರುಗಿ, ಇಲ್ಲಿಯೂ ಕೆಂಪು ಬಂದರೆ ಜೋಪಾನ, ಅದು ಮೆತ್ತಗಿನದು, ಬಾವಿಗೂ ಅಪಾಯದ್ದು, ಅದಿರುವ ಆಳ ಬಂದಾಗ ಅಗೆತ ನಿಲ್ಲಿಸಿ ಸುತ್ತ ಕಲ್ಲು ಕಟ್ಟಿಕೊಂಡೇ ಮುಂದೆ ಇಳಿಯಬೇಕು ಎಂದು ತಿಳಿಸಿ ಹೇಳಿದರು. ಮರುದಿನ ಅವರು ಮುದ್ದೇಬಿಹಾಳ ಕಡೆ ಹೋದರು.

ಯಂತ್ರ ಕೊರೆಯಿತು. ಕೆಂಪು ಎರಡು ಕಡೆ ಬಂತು. ಮೇಲಿನದು ಮೊಳದುದ್ದದ, ಎಲ್ಲೂ ಮುರಿಯದ ಒಂದೇ ತುಂಡು, ಹಸಿ ಇಟ್ಟಿಗೆಯ ಹಾಗೆ, ನೋಡಿದರೆ ಕಣ್ಣು ತುಂಬುವ ಬಣ್ಣ. ಇನ್ನೊಂದು ಬಹಳ ಕೆಳಗೆ, ಬರೇ ಚೂರುಚೂರು. ಎರಡನ್ನೂ ಅವುಗಳ ಜಾಗದಲ್ಲಿ ಜೋಡಿಸಿದೆ. ಕೆಳಗೆ ಸಿಹಿನೀರೂ ಸಿಕ್ಕಿತು. ಮಳೆ ಬಿದ್ದರೆ ಯಂತ್ರ ಎರೆಯಲ್ಲಿ ಹೂತುಹೋಗುತ್ತದೆಂದು ಕೆಲಸಗಾರರು ಅವಸರದಿಂದ ಅದನ್ನು ಸಿಂದಗಿ ತಾಲೂಕಿಗೆ ಒಯ್ದರು. ಸಾಹೇಬರು ಬಂದು ನೋಡುವತನಕ ಪೆಟ್ಟಿಗೆ ಕಾಯಲು ನಾನೊಬ್ಬನೇ ಉಳಿದೆ. ಹಳೆಯ ವಾಡೆಯೊಂದರ ಕಲ್ಲುಕೋಣೆಯಲ್ಲಿ ಪೆಟ್ಟಿಗೆಗಳು. ಕಿಟಕಿ ಇಲ್ಲ, ಒಂದೇ ಬಾಗಿಲು.

ಅಷ್ಟರಲ್ಲಿ ಮಳೆ ಹಿಡಿಯಿತು, ಕಾರಹುಣ್ಣಿಮೆ ಬಂತು. ನಮ್ಮಲ್ಲಿ ಆ ದಿನ ಎತ್ತುಗಳ ಮೈತೊಳೆದು, ಕೊಂಬು ಹೆರೆದು, ಹುರಮಂಜಿನ ಕೆಂಪು ಬಣ್ಣ ಬಳಿದು, ಸಂಜೆ ಊರಬಾಗಿಲ ಅಗಸಿಯಲ್ಲಿ ಅಡ್ಡ ಕಟ್ಟಿದ ತೋರಣವನ್ನು, ಅಂದರೆ ಕರಿ, ಹರಿಯಲು ಓಡಿಸಿ ಬಿಡುತ್ತಾರೆ. ಹುಸೇನಸಾಬ ಕಾಕಾನ ಎತ್ತುಗಳಿಗೆ ಊರಲ್ಲಿ ಹೆಸರು. ಆ ವರ್ಷ ಹುರಮಂಜೇ ಇಲ್ಲ. ಕೆಸರಿನಲ್ಲಿ ಬಂಡಿ ಕದಲದೆ ಯಾರಿಗೂ ಬಾಗೇವಾಡಿ ಸಂತೆಗೆ ಹೋಗಲಾಗಿರಲಿಲ್ಲ, ಊರ ಅಂಗಡಿಯಲ್ಲಿ ಇದ್ದದ್ದು ಮುಗಿದಿತ್ತು. ಬೋಳು ಕೊಂಬಿನ ಎತ್ತುಗಳನ್ನು ಹಿಡಿದು ಕಾಕಾ ಅಂಗಳದಲ್ಲಿ ಸುಮ್ಮನೆ ಕೂತಿದ್ದ. ಅವನು ಹಾಗೆ ಸುಮ್ಮನಿದ್ದದ್ದನ್ನು ನಾನು ನೋಡಿರಲಿಲ್ಲ.

ಓದುಗರಿಗೆ ಈಗ ಅರ್ಥವಾಗಿರಬೇಕು. ನಾನು ವಾಡೆಗೆ ಹೋಗಿ ಮೇಲಿನ ಕೆಂಪು ತುಂಡನ್ನು ತೆಗೆದುಕೊಂಡೆ. ಅಲ್ಲಿಯೇ ಹಾಸುಗಲ್ಲಿನ ಮೇಲೆ ಕುಟ್ಟಿದೆ, ಅರಿವೆಯಲ್ಲಿ ಸೋಸಿದೆ, ಒಂದು ಡಬ್ಬಿ ತುಂಬ ಒಯ್ದುಕೊಟ್ಟೆ. ಕೆಳಗಿನ ಕೆಂಪು ಹೇಗೂ ಪೆಟ್ಟಿಗೆಯಲ್ಲಿದೆ, ಎರಡರಲ್ಲಿ ಒಂದು ಹೋದರೆ ಸಾಹೇಬರಿಗೇನು ನಷ್ಟ ಎಂದುಕೊಂಡೆ. ಸಂಬಂಧವಿಲ್ಲದ ಊರಲ್ಲಿ ನನಗೆ ಅನ್ನ ಹಾಕಿದವನ ಮುಖ ಅರಳಿಸಬೇಕಿತ್ತು. ಮಳೆ ಹಿಡಿಯುವ ಮೊದಲೇ ಸಂತೆಯಿಂದ ತಂದಿಟ್ಟಿದ್ದೆ ಎಂದು ಸುಳ್ಳು ಹೇಳಿದೆ.

ಕುಸುಬಿ ಎಣ್ಣೆಯಲ್ಲಿ ಕಲೆಸಿ ಬಳಿದಾಗ ಆ ಕೆಂಪು ಎಂಥದಿತ್ತೆಂದರೆ ಊರೇ ಬಂದು ನೋಡಿತು. ಕಾಕಾ ತನ್ನ ಅಂಗೈ ಕೂಡ ಅದರಲ್ಲಿ ಅದ್ದಿ ಬಾಗಿಲ ಗೋಡೆಗೆ ಒತ್ತಿದ. “ಇಂಥಾ ಬಣ್ಣ ನಮ್ಮಪ್ಪನ ಕಾಲದಾಗೂ ಕಂಡಿಲ್ಲ. ಯಾವ ಅಂಗಡಿದೋ ತಮ್ಮಾ ಇದು? ಮುಂದಿನ ವರ್ಷಕ್ಕೂ ಇದನ್ನ ತರಬೇಕ ನೋಡು” ಎಂದ. ಎತ್ತುಗಳು ಕರಿ ಹರಿದವು. ಆ ಸಂಜೆ ನನಗೆ ಬಹಳ ಸಂತೋಷವಾಗಿತ್ತು.

ಮರುದಿನ ಬೆಳಿಗ್ಗೆ ಪೆಟ್ಟಿಗೆಯ ಕೆಲಸ ಮುಗಿಸಿದೆ. ಕೆಂಪು ತುಂಡಿನ ಖಾಲಿ ಜಾಗ ಕಾಣದಂತೆ ಅದರ ಮುಂದಿನ ಕರಿಕಲ್ಲುಗಳನ್ನೆಲ್ಲ ಸರಿಸಿ ಹತ್ತಿಸಿದೆ. ಸಾಲಿನ ಕೊನೆಗೆ ಉಳಿದ ಜಾಗಕ್ಕೆ ಒಂದು ಕಟ್ಟಿಗೆ ತುಂಡು ಸಿಕ್ಕಿಸಿದೆ. ಸಾಲು ತುಂಬದಿದ್ದಾಗ ಹಾಗೆ ಸಿಕ್ಕಿಸುವುದು ವಾಡಿಕೆಯೇ. ಬೀಗ ಹಾಕಿ ಊಟಕ್ಕೆ ಹೋದೆ.

ಊಟ ಮುಗಿಸಿ ಮಧ್ಯಾಹ್ನ ಗೆದ್ದಲು ಹತ್ತಿದೆಯೇ ನೋಡಲು ಬಾಗಿಲು ತೆಗೆದೆ. ಮೋಡ ಹರಿದು ಒಳ್ಳೆಯ ಬಿಸಿಲು ಬಿದ್ದಿತ್ತು, ಬಾಗಿಲಿನಿಂದ ಬೆಳಕು ನೇರ ಪೆಟ್ಟಿಗೆಗಳ ಮೇಲೆ ಹೋಯಿತು. ಕಟ್ಟಿಗೆ ತುಂಡು ನೆಲದ ಮೇಲಿತ್ತು. ಕರಿಕಲ್ಲುಗಳು ಮೊದಲಿನ ಜಾಗಕ್ಕೆ ಸರಿದಿದ್ದವು. ಅವುಗಳ ನಡುವೆ ಮೊಳದುದ್ದದ ಕೆಂಪು ತುಂಡು ಇತ್ತು.

ಹೊಸ್ತಿಲ ಮೇಲೆ ನಿಂತೇ ಕೈಯಲ್ಲಿದ್ದ ಬೀಗವನ್ನು ತಿರುಗಿಸಿ ನೋಡಿದೆ. ಹುಡುಗರ ಚೇಷ್ಟೆ ಎಂದು ಮೊದಲು ಅನಿಸಿತು. ಆದರೆ ಬೀಗ ಸರಿಯಾಗಿತ್ತು. ಮೇಲಾಗಿ ಅಂಥ ದುಂಡನೆ ತುಂಡನ್ನು ಯಾರು ಎಲ್ಲಿಂದ ತರಬೇಕು? ಯಂತ್ರ ಸಿಂದಗಿಯಲ್ಲಿತ್ತು. ನಾನು ಕುಟ್ಟಿದ ತುಂಡು ಪುಡಿಯಾಗಿ ಎತ್ತಿನ ಕೊಂಬಿನ ಮೇಲಿತ್ತು, ಒಂದು ಅಂಗೈಯಷ್ಟು ಕಾಕಾನ ಗೋಡೆಯ ಮೇಲಿತ್ತು. ಊಟಕ್ಕೆ ಹೋದಾಗ ಅದನ್ನು ನೋಡಿಯೇ ಬಂದಿದ್ದೆ.

ಹತ್ತಿರ ಹೋಗಿ ಮುಟ್ಟಿದೆ. ತೊಯ್ದಿತ್ತು. ಮಾಳಿಗೆ ಸೋರಿರಲಿಲ್ಲ, ಅಕ್ಕಪಕ್ಕದ ಕಲ್ಲುಗಳೆಲ್ಲ ಒಣಗಿದ್ದವು. ಅದೊಂದರಿಂದಲೇ ನೀರು ಒಸರಿ ಪೆಟ್ಟಿಗೆಯ ಹಲಗೆ ಕಪ್ಪಾಗಿತ್ತು. ಒಂದು ವಾಸನೆ ಬರುತ್ತಿತ್ತು. ಉಪ್ಪು ಎನ್ನೋಣವೆಂದರೆ ನಮ್ಮ ಡೋಣಿಯ ಉಪ್ಪಿಗೆ ವಾಸನೆಯೇ ಇಲ್ಲ. ಕೊಳೆತದ್ದರ ವಾಸನೆಯೂ ಅಲ್ಲ. ಆಗ ನನಗೆ ಅದಕ್ಕೆ ಹೆಸರು ಗೊತ್ತಿರಲಿಲ್ಲ. ತುಂಡಿನ ಒಂದು ಬದಿಗೆ ಜೋಳದ ಕಾಳಿನಷ್ಟು ಬಿಳಿಯ ಗುಬುಟುಗಳು ಗುಂಪಾಗಿ ಅಂಟಿದ್ದವು, ಒಂದೊಂದಕ್ಕೂ ತುದಿಯಲ್ಲಿ ಸಣ್ಣ ಬಾಯಿಯಿತ್ತು. ನಾನು ಕುಟ್ಟಿದ ತುಂಡಿಗೆ ಇವು ಇರಲಿಲ್ಲ. ಕೆರೆಯಲು ಹೋದೆ. ಉಗುರು ಕಿತ್ತು ರಕ್ತ ಬಂತು, ಅವು ಏಳಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಊರು ಕೂಡಿಸುತ್ತಿದ್ದರು. ಇಲ್ಲವೇ, ಕಳೆದದ್ದು ತಾನಾಗಿ ಬಂತು, ನನ್ನ ತಪ್ಪು ಮುಚ್ಚಿತು ಎಂದು ಸುಮ್ಮನಿರುತ್ತಿದ್ದರು. ನನಗೆ ಹೊಳೆದದ್ದು ಒಂದೇ. ಸಾಹೇಬರು ಈ ಬಿಳಿ ಗುಬುಟು ನೋಡಿ ಏನಿದು ಎಂದು ಕೇಳಿದರೆ ಎಲ್ಲ ಹೊರಬೀಳುತ್ತದೆ, ನೌಕರಿ ಹೋಗುತ್ತದೆ. ತುಂಡನ್ನು ಟವೆಲ್ಲಿನಲ್ಲಿ ಸುತ್ತಿ ಒಯ್ದು, ರಾಡಿಯಾಗಿ ತುಂಬಿ ಹರಿಯುತ್ತಿದ್ದ ಡೋಣಿಗೆ ಎಸೆದುಬಂದು, ಪೆಟ್ಟಿಗೆಯ ಕರಿಕಲ್ಲುಗಳನ್ನು ಮತ್ತೆ ಹತ್ತಿಸಿಟ್ಟೆ.

ಮೂರ್ನಾಲ್ಕು ದಿನ ಏನೂ ಆಗಲಿಲ್ಲ. ಎಲ್ಲ ನನ್ನ ಭ್ರಮೆ ಇರಬೇಕೆಂದು ಸಮಾಧಾನ ಮಾಡಿಕೊಂಡಿದ್ದೆ. ಸಾಹೇಬರು ನಾಳೆ ಬರುತ್ತಾರೆಂದು ಸುದ್ದಿ ಬಂದ ದಿನ ಕಸ ಹೊಡೆಯಲು ಬಾಗಿಲು ತೆಗೆದೆ. ಮತ್ತೆ ಅಲ್ಲೇ ಇತ್ತು. ಅದೇ ಜಾಗ, ಅದೇ ವಾಸನೆ, ತೊಯ್ದ ಹಲಗೆ. ಈ ಸಲ ಹೆದರಿಕೆಗಿಂತ ಸಿಟ್ಟು ಬಂತು. ಸುತ್ತಿಗೆಯಿಂದ ಬಡಿದು ಚೂರು ಮಾಡಿದೆ. ಕರಿಕಲ್ಲುಗಳನ್ನು ಮತ್ತೆ ಹತ್ತಿಸಿದೆ. ಚೂರುಗಳನ್ನು ಒಯ್ದು, ಯಂತ್ರ ಕೊರೆದ ತೂತಿಗೆ ಮುಚ್ಚಿದ್ದ ಕಲ್ಲು ಸರಿಸಿ ಒಳಗೆ ಸುರಿದೆ. ಕೆಳಗೆ ನೀರಿದೆಯೆಂದು ನನಗೆ ಗೊತ್ತು. ಕಿವಿಗೊಟ್ಟು ಕೂತೆ. ಬಿದ್ದ ಸದ್ದು ಕೇಳಲಿಲ್ಲ.

ಸಾಹೇಬರು ಬಂದು ಪೆಟ್ಟಿಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಒಂದೊಂದೇ ತುಂಡು ತಿರುಗಿಸಿ ನೋಡಿದರು. ಕೆಂಪು ಇದ್ದ ಜಾಗಕ್ಕೆ ಬಂದಾಗ ಅವರ ಕೈ ನಿಂತಿತು. “ಇಲ್ಲಿ ಎರಡು ತುಂಡಿನ ತುದಿ ಕೂಡುತ್ತಿಲ್ಲವಲ್ಲ?”

“ಅಲ್ಲಿ ಕಲ್ಲು ಒಡದಿತ್ತ್ರಿ, ಯಂತ್ರ ಅರದು ಹಾಕ್ತು. ಒಂದೀಟು ಹೋತ್ರಿ” ಎಂದೆ. ಹಾಗೆ ಆಗುವುದುಂಟು. ಅವರು ನನ್ನ ಮುಖ ನೋಡಿದರು, ನಂಬಿದರು. ಕೊರೆದವರು ದೂರವಿದ್ದರು. ಅವರನ್ನು ಕೇಳುವ ಪದ್ಧತಿಯೂ ಇರಲಿಲ್ಲ, ಪೆಟ್ಟಿಗೆಯೇ ಸಾಕ್ಷಿ. ಎಂಟು ಆಳುದ್ದ ಇಳಿದ ಮೇಲೆ ಕೆಂಪು ಬರುತ್ತದೆ, ಅಲ್ಲಿಯತನಕ ಗಟ್ಟಿಕಲ್ಲು, ಸುತ್ತ ಕಲ್ಲು ಕಟ್ಟುವುದು ಬೇಡ ಎಂದು ಬಾವಿ ತೋಡುವವರಿಗೆ ಹೇಳಿಹೋದರು. ನಾನು ತೆಗೆದದ್ದು ಅದರ ಅರ್ಧ ಆಳದಲ್ಲಿತ್ತು.

ಬಾವಿಯ ಕೆಲಸ ಹತ್ತಿದ್ದು ಸುಗ್ಗಿ ಮುಗಿದ ಮೇಲೆ. ನಾನು ಆಗ ಸಿಂದಗಿ ಕಡೆ ಇದ್ದೆ. ಆ ವಾಡೆಯಲ್ಲಿ ಉಳಿದ ಪೆಟ್ಟಿಗೆಗಳನ್ನು ತರಲು ನನ್ನನ್ನೇ ಕಳಿಸಿದರು. ಸಂಜೆ ಮುಟ್ಟಿದವನು ನೇರವಾಗಿ ಬಾವಿಯ ದಂಡೆಗೆ ಹೋದೆ. ಸುರುಂಗದ ಮದ್ದು ತುಂಬಿ ಎಲ್ಲರೂ ಮೇಲೆ ಬಂದಿದ್ದರು. ಇಣುಕಿ ನೋಡಿದೆ. ನಾಲ್ಕು ಆಳಿಗೆ ಬಂದಿತ್ತು.

“ಬಾ ತಮ್ಮಾ, ಬಾ. ನಿಮ್ಮ ಸಾಹೇಬ ಹೇಳಿದ್ದು ಖರೇ ಆಗಾಕತ್ತೇತಿ ನೋಡು. ಬರೇ ಕರಿಕಲ್ಲು, ಕಬ್ಬಿಣ ಅಂದ್ರ ಕಬ್ಬಿಣ. ಈ ಉಗಾದಿಗೆ ನಿಮ್ಮ ಕಾಕಿ ಮನಿ ಮುಂದ ಸಿಹಿನೀರ ಚಿಮಕಿಸಿ ಚಳಿ ಹೊಡಿತಾಳ” ಎಂದ ಕಾಕಾ.

ನಾನು ಮತ್ತೊಮ್ಮೆ ಬಾವಿಯೊಳಗೆ ಇಣುಕಿದೆ. “ಕಾಕಾ, ಒಂದೀಟು ಹುಷಾರೀಲೆ ಇಳೀರಿ. ನಡುವ ಎಲ್ಲರೆ ಮೆತ್ತಗ ಬಂದ್ರ?”

“ಮೆತ್ತಗ ಬಂದ್ರ ಸುಖಾ ಅಲ್ಲೇನೋ? ರಟ್ಟಿಗೆ ಆರಾಮ” ಎಂದು ನಕ್ಕ. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿ ಕೇಳಿದ, “ನಿನ್ನ ಪೆಟಿಗ್ಯಾಗಿನ ಕಲ್ಲು ಏನಂತಾವು?”

ಅವನು ಕೇಳಿದ. ನೇರವಾಗಿ ಕೇಳಿದ. ಹಿಂದೆ ಇನ್ನೂ ಐದಾರು ಜನ ನಿಂತಿದ್ದರು. “ಗಟ್ಟಿ ಅಂತಾವ್ರಿ” ಎಂದೆ.

ಬತ್ತಿ ಹಚ್ಚಿದರು. ಮದ್ದು ಹಾರಿತು. ಮದ್ದು ಹಾರಿದ ಮರುದಿನ ಗುಂಪಿನ ಹಿರಿಯ ಒಬ್ಬನೇ ಮೊದಲು ಇಳಿದು, ಸಡಿಲ ಕಲ್ಲು ಎಲ್ಲಿವೆಯೆಂದು ಬಡಿದು ನೋಡಿ, ಉಳಿದವರನ್ನು ಕರೆಯುವುದು ಬಾವಿ ತೋಡುವವರ ಕಟ್ಟಳೆ. ಉಣ್ಣಾಕ ಕಡೀಕ, ಇಳಿಯಾಕ ಮೊದಲಿಗ, ಅವನಿಗಂತಾರ ಹಿರ್ಯಾ ಎಂದು ಕಾಕಾ ಚೇಷ್ಟೆ ಮಾಡುತ್ತಿದ್ದ. ಮರುದಿನ ಬಿಸಿಲೇರುವ ಹೊತ್ತಿಗೆ ನಾನು ವಾಡೆಯ ಮುಂದೆ ಬಂಡಿಗೆ ಪೆಟ್ಟಿಗೆ ಏರಿಸುತ್ತಿದ್ದೆ. ನೆಲದೊಳಗೆ ಜೋಳ ತುಂಬಿಡುವ ಹಗೇವಿನ ಕುಣಿ ಕುಸಿದಂಥ ಒಂದು ಸದ್ದು. ಆಮೇಲೆ ಜನರ ಕೂಗು.

ಕರಿಕಲ್ಲಿನ ಕೆಳಗಿದ್ದ ಕೆಂಪು ಪದರ ಮದ್ದಿನ ಹೊಡೆತಕ್ಕೆ ಸಡಿಲಾಗಿ ಹೊರಗೆ ಜಾರಿತ್ತು. ಅದರ ಮೇಲೆ ಕೂತಿದ್ದ ಬಂಡೆ ಒಂದು ಬದಿಯಿಂದ ಬಾವಿಗೆ ಬಿದ್ದಿತ್ತು. ಸಂಜೆಯತನಕ ತೆಗೆದರು. ಮೇಲೆ ತಂದು ಮಲಗಿಸಿದಾಗ ಹುಸೇನಸಾಬ ಕಾಕಾ ತಲೆಯಿಂದ ಕಾಲಿನತನಕ ಕೆಂಪಾಗಿದ್ದ. ಆ ಕೆಂಪನ್ನು ನಾನು ಗುರುತಿಸಿದೆ. ಅದರ ಅಂಗೈ ಗುರುತು ಅವನ ಮನೆಯ ಗೋಡೆಯ ಮೇಲೆ ಇನ್ನೂ ಇತ್ತು.

ಖಾಸಿಂಬಿ ಕಾಕಿ ಅಳಲಿಲ್ಲ. ಎಲ್ಲರೂ ಚದರಿದ ಮೇಲೆ ನನ್ನನ್ನು ಹತ್ತಿರ ಕರೆದಳು. “ತಮ್ಮಾ, ನೀ ಸಾಲಿ ಕಲತಾಂವ. ಕಲ್ಲು ನೋಡಿದಾಂವ. ಹಿಂಗ್ಯಾಕಾತು ನನಗ ತಿಳಿಸಿ ಹೇಳು.”

“ಗೊತ್ತಿಲ್ಲ ಕಾಕಿ” ಎಂದೆ.

ಸಾಹೇಬರು ಬಂದರು. ಬಾವಿಯ ಗೋಡೆಯಲ್ಲಿ ಮೊಳದಗಲದ ಕೆಂಪು ಪಟ್ಟೆ ನಡುಕಟ್ಟಿನ ಹಾಗೆ ಸುತ್ತ ಕಾಣುತ್ತಿತ್ತು. ಅದನ್ನು ನೋಡಿದರು, ಬಂಡಿಯ ಮೇಲಿನ ಪೆಟ್ಟಿಗೆ ಇಳಿಸಿ ಅದನ್ನೂ ನೋಡಿದರು. “ತುದಿ ಕೂಡಲಿಲ್ಲ ಎಂದಾಗಲೇ ನಾನು ನಿಲ್ಲಬೇಕಿತ್ತು. ತಪ್ಪು ನನ್ನದೇ” ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ಅವರು ತಪ್ಪನ್ನು ತಮ್ಮ ಮೇಲೆಯೇ ಹಾಕಿಕೊಂಡು ಮೇಲಿನವರಿಗೆ ತಿಳಿಸಿದರು, ಬೇರೆ ಕಡೆ ವರ್ಗವಾಯಿತು. ಆಮೇಲೆ ಅವರ ಬಾಯಿಂದ ಸಮುದ್ರದ ಮಾತು ಬರಲಿಲ್ಲ ಎಂದು ಅವರ ಜೊತೆ ಹೋದ ಜವಾನ ಹೇಳಿದ. ಬಾವಿ ಅರ್ಧಕ್ಕೇ ನಿಂತಿತು. ನಾನು ನೌಕರಿ ಬಿಟ್ಟು ಊರಿಗೆ ಬಂದು ಹೊಲ ನೋಡಿಕೊಂಡೆ. ಕಾಕಿ ಇರುವತನಕ ವರ್ಷಕ್ಕೊಮ್ಮೆ ಜೋಳದ ಚೀಲ ಒಯ್ದು ಕೊಡುತ್ತಿದ್ದೆ. ಅವಳು ನನ್ನನ್ನು ದೇವರಂಥ ಮನುಷ್ಯ ಎಂದು ಎಲ್ಲರಿಗೂ ಹೇಳುತ್ತಿದ್ದಳು. ಅದನ್ನು ಕೇಳಿಸಿಕೊಂಡು, ಅವಳು ಹಾಕಿದ ರೊಟ್ಟಿ ತಿಂದು ಬರುತ್ತಿದ್ದೆ.

ಬಹಳ ವರ್ಷಗಳ ಮೇಲೆ ಮಗಳ ಮೈದುನನ ಮದುವೆಗೆಂದು ರತ್ನಾಗಿರಿಗೆ ಹೋಗುವುದಾಯಿತು. ನಾನು ಸಮುದ್ರ ನೋಡಿದ್ದು ಆಗಲೇ ಮೊದಲು. ಬಸ್ಸು ಘಟ್ಟ ಇಳಿದು ದಂಡೆ ಇನ್ನೂ ಕಾಣುವ ಮೊದಲೇ ಕಿಟಕಿಯಿಂದ ಒಂದು ವಾಸನೆ ಬಂತು. ಎದ್ದು ಕಿಟಕಿ ಮುಚ್ಚಿದೆ. ವಾಡೆಯ ಕೋಣೆಯಲ್ಲಿದ್ದ ವಾಸನೆ ಅದು.

ಎಲ್ಲರೂ ನೀರಿಗೆ ಇಳಿದಾಗ ನಾನು ಬದಿಯ ಬಂಡೆಗಳ ಕಡೆ ಹೋದೆ. ನಮ್ಮೂರಿನ ಕಲ್ಲೇ, ಅದೇ ಕರಿಕಲ್ಲು. ತೆರೆ ಹಿಂದೆ ಸರಿದಾಗ ಅದರ ಮೈತುಂಬ ಜೋಳದ ಕಾಳಿನಷ್ಟು ಬಿಳಿಯ ಗುಬುಟುಗಳು, ತುದಿಯಲ್ಲಿ ಸಣ್ಣ ಬಾಯಿ. ಏನಿವು ಎಂದು ಬಲೆ ಒಣಹಾಕುತ್ತಿದ್ದವನೊಬ್ಬನನ್ನು ಕೇಳಿದೆ. ಚಿಪ್ಪಿನ ಹುಳ, ಬದುಕಿರುವ ಜೀವ, ಉಪ್ಪುನೀರಿನಲ್ಲಿ ಬಹಳ ದಿನ ಇದ್ದ ವಸ್ತುವಿಗೆ ಮಾತ್ರ ಹತ್ತುತ್ತವೆ ಎಂದ. ಉಗುರಿನಿಂದ ಕೆರೆದು ನೋಡಿದೆ. ಏಳಲಿಲ್ಲ.

ಅಲ್ಲಿ ಕೂತು ನೀರಿನ ಕಡೆ ನೋಡಿದೆ. ಆಚೆ ಎಲ್ಲಿಯೋ ನೀರಿನೊಳಗೆ ಸಾಹೇಬರು ಹೇಳಿದ ಕುಸಿದ ನೆಲ ಇರಬೇಕು. ಅದರ ಹೊಟ್ಟೆಯಲ್ಲಿ ನಮ್ಮ ಕೆಂಪು ಇದೆಯೋ ಇಲ್ಲವೋ, ಯಾರಾದರೂ ಕೊರೆದು ನೋಡಿದರೋ ಇಲ್ಲವೋ ನನಗೆ ತಿಳಿಯದು. ನಾನು ಪುಡಿ ಮಾಡಿದ ತುಂಡಿನ ಜಾಗಕ್ಕೆ ಬಂದು ಕೂತದ್ದು ಯಾವ ಕಲ್ಲು, ಎಲ್ಲಿಯದು, ಅದನ್ನು ತಂದವರು ಯಾರು? ಹುಸೇನಸಾಬ ಕಾಕಾನ ಜೀವದ ಬಗ್ಗೆ ಇಷ್ಟೊಂದು ಕಾಳಜಿ ಯಾರಿಗಿತ್ತು? ಎಷ್ಟು ವಿಚಾರ ಮಾಡಿದರೂ ನನ್ನ ಬುದ್ಧಿಗೆ ನಿಲುಕಿಲ್ಲ. ಓದಿದವರು ಯಾರಾದರೂ ಬಿಡಿಸಿ ಹೇಳಿದರೆ ಕೇಳುತ್ತೇನೆ.

ಆ ಕಲ್ಲು ಎರಡು ಸಲ ಬಂತು. ಮೂರನೆಯ ಸಲ ಬಂದಿದ್ದರೆ ನಾನು ಸಾಹೇಬರಿಗೆ ತೋರಿಸಿಯೇ ಬಿಡುತ್ತಿದ್ದೆ, ಅದು ಬರಲಿಲ್ಲ, ಏನು ಮಾಡಲಿ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡು ಬದುಕಿದೆ. ಅದು ಸುಳ್ಳು. ಮೂರನೆಯ ಸಲ ಬಂದಿದ್ದರೂ ಎಸೆಯುತ್ತಿದ್ದೆ.